ತೂಕಕ್ಕೆ ಇಟ್ಟ ಎಣ್ಣೆ ಟಿನ್ನು

ಮಕ್ಕಳಿಗೆ ಬೊಜ್ಜು ಬರದಂತೆ ಶಾಲೆಯಲ್ಲೇ ತಡೆಯುವ ಕಾರ್ಯಕ್ರಮವೊಂದು ಚಳ್ಳಕೆರೆಗೆ ಬಂತು. ಅದು ಫಲ ಕೊಟ್ಟಿತೋ ಇಲ್ಲವೋ ಎಂದು ಅಳೆದು ಬರೆಯುವ ಕೆಲಸ ನನಗೆ ಸಿಕ್ಕಿತು. ಈ ಸುದ್ದಿ ಕೇಳಿ ನಮ್ಮ ಬೀದಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಗಲಿ ಬಿಡಿ, ಕಾರಣವಿತ್ತು. ನಾನು ಆಟೋದಲ್ಲಿ ಕೂತರೆ ಪಕ್ಕದವರು ಒಂದು ಕಾಲನ್ನು ಹೊರಗೇ ಇಟ್ಟುಕೊಳ್ಳಬೇಕು. ಕೆಲಸ ಕೊಟ್ಟವರು ಮಾತ್ರ ನನ್ನ ಮೈ ನೋಡಲಿಲ್ಲ, ಕೈಬರಹ ನೋಡಿದರು. ಹತ್ತು ವರ್ಷ ಮನೆಪಾಠ ಹೇಳಿದವಳು ನಾನು. ಅಂಕಿ ದುಂಡಗೆ ಬರೆಯುತ್ತೇನೆ, ಒಂದು ಸಲ ಗದರಿದರೆ ಮಕ್ಕಳು ಸಾಲು ಹಿಡಿದು ನಿಲ್ಲುತ್ತಾರೆ. ಅಳೆಯುವವರಿಗೆ ಇಷ್ಟು ಸಾಕಲ್ಲ.

ಕೆಲಸವೂ ಸರಳವಾಗಿತ್ತು. ಚಳ್ಳಕೆರೆಯ ಒಂದು ಖಾಸಗಿ ಶಾಲೆಯ ಏಳನೇ ತರಗತಿಗೆ ದಿನಕ್ಕೊಂದು ಆಟದ ಪೀರಿಯಡ್ಡು, ಗೇಟಿನ ಹತ್ತಿರ ಬಜ್ಜಿ ಬೋಂಡದ ಬದಲು ಹಣ್ಣು ಮತ್ತು ಮೊಳಕೆ ಕಾಳು, ತಿಂಗಳಿಗೊಂದು ತಾಯಂದಿರ ಸಭೆ. ಮೊಳಕಾಲ್ಮೂರಿನ ಇನ್ನೊಂದು ಶಾಲೆಗೆ ಇದ್ಯಾವುದೂ ಇಲ್ಲ, ಬರೀ ಅಳತೆ. ಜೂನ್‌ನಲ್ಲಿ ಒಂದು ಸಲ, ಜನವರಿ ಕೊನೆಗೆ ಇನ್ನೊಂದು ಸಲ ಎರಡೂ ಕಡೆ ತೂಕ, ಎತ್ತರ ತೆಗೆಯಬೇಕು. ಆಟ ಆಡಿದ ಮಕ್ಕಳಿಗೂ ಆಡದ ಮಕ್ಕಳಿಗೂ ಏನು ವ್ಯತ್ಯಾಸ ಎಂದು ನೋಡಬೇಕು.

ನನಗೆ ಕೊಟ್ಟಿದ್ದು ಒಂದು ತೂಕದ ಯಂತ್ರ, ಒಂದು ಎತ್ತರದ ಕೋಲು, ಒಂದು ಪುಸ್ತಕ. ಪ್ರತಿದಿನ ಕೆಲಸ ಶುರು ಮಾಡುವ ಮುಂಚೆ ಯಂತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕಿತ್ತು. ಅದಕ್ಕೊಂದು ತೂಕದ ಕಲ್ಲು ಕೊಡಿ ಎಂದೆ. ಮೇಲಿನವರು ಫೋನಿನಲ್ಲಿ, "ತೂಕ ಬದಲಾಗದ ಯಾವುದಾದರೂ ವಸ್ತು ಇಟ್ಟುಕೊಳ್ರೀ, ಇಲ್ಲದಿದ್ದರೆ ನೀವೇ ಹತ್ತಿ ನೋಡ್ರೀ" ಎಂದರು.

ನಾನೇ ಹತ್ತುವ ಮಾತೇ ಇರಲಿಲ್ಲ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೂ ಕೂತೇನು, ನಾಲ್ಕು ಜನರ ಎದುರು ತೂಕದ ಯಂತ್ರ ಮಾತ್ರ ಹತ್ತಲಾರೆ. ಹೈಸ್ಕೂಲಿನಲ್ಲಿದ್ದಾಗ ಡಾಕ್ಟರು ಬಂದು ತೂಕ ನೋಡಿದ ದಿನ ನನ್ನ ಅಂಕಿಯನ್ನು ಜೋರಾಗಿ ಕೂಗಿದ್ದರು. ಅದೇ ಅಂಕಿ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನನ್ನ ಹೆಸರಾಗಿತ್ತು. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಹಾಗಾಗಿ ಬದಲಾಗದ ವಸ್ತು ಹುಡುಕಿದೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಅಂಥದ್ದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮಪ್ಪ ಇದ್ದಾಗ ಶೇಂಗಾ ವ್ಯಾಪಾರ ಮಾಡುತ್ತಿದ್ದರು. ಈಗಲೂ ಮನೆಗೆ ಗಾಣದೆಣ್ಣೆ ಟಿನ್ನಿನಲ್ಲೇ ಬರುತ್ತದೆ. ಸೀಲು ಒಡೆಯದ ಹದಿನೈದು ಕೆಜಿಯ ಟಿನ್ನೊಂದು ಅಡುಗೆಮನೆಯ ಮೂಲೆಯಲ್ಲಿತ್ತು. ಯಂತ್ರದ ಮೇಲಿಟ್ಟರೆ ಟಿನ್ನಿನ ತೂಕವೂ ಸೇರಿ ಸರಿಯಾಗಿ ಹದಿನಾರು ತೋರಿಸಿತು. ಪುಸ್ತಕದ ಮೊದಲ ಪುಟದಲ್ಲಿ ಹದಿನಾರು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಅವ್ವನಿಗೆ, "ಇದನ್ನ ಮುಟ್ಟಬ್ಯಾಡ" ಅಂದೆ. "ನಂಗ್ಯಾಕೆ ಬೇಕು ನಿನ್ ಎಣ್ಣೆ" ಅಂದಳು.

ಬೊಜ್ಜು ಅಳೆಯಲು ಹೋಗುವವಳ ಜೊತೆ ಎಣ್ಣೆ ಟಿನ್ನು ಹೋದರೆ ಏನಾಗುತ್ತದೆ ಎಂಬುದು ಮೊದಲ ದಿನವೇ ಗೊತ್ತಾಯಿತು. ಮೊಳಕಾಲ್ಮೂರಿನ ಶಾಲೆಯ ಮುಂದೆ ಜೀಪು ನಿಲ್ಲಿಸಿ ಟಿನ್ನು ಇಳಿಸುತ್ತಿದ್ದಂತೆ ಆಯಾ ಒಬ್ಬರು ಒಳಗೆ ಓಡಿ, "ನೂನೆ ತೆಚ್ಚಿನಾರು, ನೂನೆ ತೆಚ್ಚಿನಾರು!" ಎಂದು ಸಾರಿದರು. ತೆಲುಗಿನಲ್ಲಿ, ಎಣ್ಣೆ ತಂದಿದ್ದಾರೆ ಎಂದು. ಶಾಲೆಗೆ ಯಾರೋ ದಾನ ಕೊಟ್ಟರು ಎಂದುಕೊಂಡು ಮುಖ್ಯ ಶಿಕ್ಷಕರು ಹಾರ ತರಿಸುವುದರಲ್ಲಿದ್ದರು. ದಾನವಲ್ಲ, ತೂಕಕ್ಕೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಸಂಜೆ ಟಿನ್ನನ್ನು ಮತ್ತೆ ಜೀಪಿಗೆ ಹಾಕುವಾಗ ಆ ಆಯಾ ನನ್ನನ್ನು ನೋಡಿದ ರೀತಿ ಮರೆಯಲಾರೆ. ಕೊಟ್ಟಿದ್ದನ್ನು ಕಿತ್ತುಕೊಂಡು ಹೋಗುವ ಹೆಂಗಸು ನಾನು.

ಚಳ್ಳಕೆರೆಯ ಶಾಲೆಯಲ್ಲಿ ಬೇರೆ ಅಧ್ವಾನ. ಮಕ್ಕಳು ಒಬ್ಬೊಬ್ಬರಾಗಿ ಯಂತ್ರ ಹತ್ತಿದರೆ ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು. ಏನ್ರೋ ಇದು ಎಂದು ಕೇಳಿದರೆ, "ಮಿಸ್ಸು ಒಂದೊಂದು ಬಾಟ್ಲಿ ನೀರು ಕುಡೀರಿ ಅಂದ್ರು, ಎರಡೆರಡು ಬಾಳೆಹಣ್ಣೂ ಕೊಟ್ರು." ಕ್ಲಾಸ್ ಟೀಚರನ್ನು ಕರೆದೆ. ಪಾಪ, ಆಕೆಯ ತಪ್ಪಿಲ್ಲ. ನಮ್ಮ ಕಡೆ ಶಾಲೆಗೆ, ಅಂಗನವಾಡಿಗೆ ತೂಕದ ಯಂತ್ರ ಬಂದರೆ ಸಣಕಲು ಮಕ್ಕಳನ್ನು ಹುಡುಕಲಿಕ್ಕೇ ಬಂದಿತು ಎಂದು ಅರ್ಥ. ತೂಕ ಕಡಿಮೆ ಬಂದರೆ ಟೀಚರಿಗೆ ಮರ್ಯಾದೆ ಹೋದಂತೆ. "ಹೆಚ್ಚು ಬಂದ್ರೆ ಒಳ್ಳೇದಲ್ವೇನ್ರೀ?" ಎಂದು ಆಕೆ ಕಣ್ಣು ಬಿಟ್ಟು ಕೇಳಿದರು. ಆವತ್ತಿನ ಅಳತೆಯನ್ನೆಲ್ಲ ಹೊಡೆದುಹಾಕಿ ಮಾರನೇ ದಿನ ಮತ್ತೆ ಹೋದೆ.

ಮಾರನೇ ದಿನ ಆ ಟೀಚರು ಹುಮ್ಮಸ್ಸಿನಿಂದ ನನಗೆ ಸಹಾಯಕ್ಕೆ ನಿಂತರು, ನಿಂತು ಅಂಕಿಯನ್ನು ಓದಿ ಹೇಳತೊಡಗಿದರು. ಸುಮ್ಮನಿರಿ ಎನ್ನುವಷ್ಟರಲ್ಲಿ ಒಬ್ಬ ಹುಡುಗಿಯ ಅಂಕಿ ಇಡೀ ಕ್ಲಾಸಿಗೆ ಕೇಳಿತು. ಹಿಂದಿನ ಬೆಂಚಿನಿಂದ ನಗು ಬಂತು. ಆ ಹುಡುಗಿ ಬಸ್‌ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್ಕಿನ ಮಗಳು. ದುಂಡು ಮುಖ, ಉದ್ದ ಜಡೆ, ಕಾಲಿಗೆ ಬೆಳ್ಳಿ ಕಾಲ್ಚೈನು. ಯಂತ್ರದಿಂದ ಇಳಿದು ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಟೀಚರಿಗೆ ಎಲ್ಲರೆದುರೇ ಬೈದೆ. ಬೈಯಬಾರದಿತ್ತು, ಆದರೆ ಬೈದೆ. ನಗಾಡಿದವರನ್ನು ಸಂಜೆಯ ತನಕ ನಿಲ್ಲಿಸಿದೆ. ಅದರಿಂದ ಆ ಹುಡುಗಿಗೇನೂ ಆಗಲಿಲ್ಲ, ಆದರೆ ನನಗೆ ಸ್ವಲ್ಪ ಸಮಾಧಾನವಾಯಿತು.

ಹೆಡ್‌ಮಿಸ್ಸು ನೇರ ಮಾತಿನವರು. ಆಟದ ಪೀರಿಯಡ್ಡನ್ನು ಅವರು ಗಣಿತದಿಂದ ಕಿತ್ತು ಕೊಟ್ಟಿದ್ದರು. "ನೋಡ್ರೀ, ಕಮಿಟಿಯೋರಿಗೆ ಒಂದ್ ವರ್ಷ ಅಂತ ಹೇಳೀನಿ. ಜನವರೀಲಿ ಲಿಸ್ಟು ತೋರಿಸ್ತೀನಿ. ತೂಕ ಇಳಿದಿದ್ರೆ ಆಟ ಇರ್ತೈತೆ, ಇಲ್ದಿದ್ರೆ ಗಣಿತ ವಾಪಸ್" ಎಂದರು. ಅದನ್ನು ಅಸೆಂಬ್ಲಿಯಲ್ಲೂ ಮೈಕಿನಲ್ಲಿ ಹೇಳಿದರು. ಬೆಳೆಯುವ ಮಕ್ಕಳ ತೂಕ ಇಳಿಯಬೇಕಾಗಿಲ್ಲ ಮೇಡಂ, ಎತ್ತರ ಏರಿ ತೂಕ ಅಷ್ಟೇ ನಿಂತರೂ ಗೆದ್ದಂತೆ ಎಂದು ನಾನು ವಿವರಿಸಿದೆ. "ಅದನ್ನೆಲ್ಲ ಕಮಿಟಿಯೋರಿಗೆ ನೀವೇ ಬಂದು ಹೇಳ್ರೀ" ಎಂದು ನಕ್ಕರು. ನಾನೂ ನಕ್ಕು ಬಂದೆ.

ನಡುವೆ ತಿಂಗಳಿಗೊಂದು ಸಲ ಸುಮ್ಮನೆ ನೋಡಿ ಬರಲು ಹೋಗುತ್ತಿದ್ದೆ. ಮೊಳಕಾಲ್ಮೂರಿನ ಶಾಲೆಯಲ್ಲಿ ಏನೂ ನಡೆಯಬಾರದಿತ್ತು. ಆದರೆ ಅಲ್ಲಿಯ ಡ್ರಿಲ್ ಮಾಸ್ತರರು ಕೊಂಡ್ಲಹಳ್ಳಿಯವರು, ಸ್ವಾಭಿಮಾನಿ. "ಚಳ್ಳಕೆರೆಯೋರಿಗೆ ಆಟ, ನಮ್ ಮಕ್ಳಿಗೆ ಬರೀ ತೂಕವಾ?" ಎಂದು ಅವರೇ ಹಗ್ಗ ತಂದು ಮಕ್ಕಳಿಂದ ಸ್ಕಿಪ್ಪಿಂಗ್ ಶುರು ಮಾಡಿಸಿದ್ದರು. ಹೋಲಿಕೆಗೆಂದು ಇಟ್ಟ ಶಾಲೆಯೂ ಕುಣಿಯತೊಡಗಿತು. ವರದಿಗೆ ಇದು ಕೇಡು, ಮಕ್ಕಳಿಗೆ ಒಳ್ಳೆಯದು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡೆ ಅಷ್ಟೇ.

ಚಳ್ಳಕೆರೆಯಲ್ಲಿ ಹುಡುಗಿಯರಿಗೆ ಖೋ ಖೋ ಹುಚ್ಚು ಹಿಡಿದಿತ್ತು. ಕಾಲ್ಚೈನಿನ ಹುಡುಗಿ ಮೊದಲ ಎರಡು ತಿಂಗಳು ಬೇವಿನ ಮರದ ಕೆಳಗೆ ಎಲ್ಲರ ಚಪ್ಪಲಿ ಕಾಯುತ್ತ ಕೂರುತ್ತಿದ್ದಳು. ಆಮೇಲೊಂದು ದಿನ ತಂಡಕ್ಕೆ ಒಬ್ಬರು ಕಡಿಮೆ ಬಿದ್ದು ಅವಳನ್ನು ಎಳೆದುಕೊಂಡರಂತೆ. ದಸರಾ ರಜೆ ಕಳೆದು ನಾನು ಹೋದಾಗ ನೋಡಬೇಕಿತ್ತು. ಓಟ ಅಷ್ಟಕ್ಕಷ್ಟೇ, ಆದರೆ ಎದುರಿನವರು ಯಾವ ಕಡೆ ತಿರುಗುತ್ತಾರೆ ಎಂದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು. ಅಲ್ಲಿಗೆ ಸರಿಯಾಗಿ ಕೈ ಚಾಚುತ್ತಿದ್ದಳು. ಸಿಕ್ಕವರನ್ನು ಬಿಡುತ್ತಿರಲಿಲ್ಲ. ಜೂನಿನಲ್ಲಿ ನಕ್ಕಿದ್ದ ಹುಡುಗಿಯರೇ ಅವಳನ್ನು ತಮ್ಮ ತಂಡಕ್ಕೆ ಬಾ ಎಂದು ಜಗಳವಾಡುತ್ತಿದ್ದರು. ಮೈಯೆಲ್ಲ ಧೂಳು ಮಾಡಿಕೊಂಡು ಓಡಿ ಬಂದು, "ಮಿಸ್, ಇವತ್ತು ಮೂರು ಜನಾನ ಔಟ್ ಮಾಡ್ದೆ!" ಎಂದಳು. ನನಗೆ ನಾನೇ ಔಟ್ ಮಾಡಿದಷ್ಟು ಖುಷಿಯಾಯಿತು.

ಜನವರಿ ಕೊನೆಗೆ ಎರಡನೇ ಅಳತೆ, ಮೊದಲು ಚಳ್ಳಕೆರೆಯ ಶಾಲೆಯಲ್ಲಿ. ಬೆಳಿಗ್ಗೆ ಟಿನ್ನು ಯಂತ್ರದ ಮೇಲಿಟ್ಟೆ. ಹದಿನೈದು ಎಂದಿತು. ಇಳಿಸಿ ಮತ್ತೆ ಇಟ್ಟೆ. ಹದಿನೈದೇ. ಹೊಸ ಸೆಲ್ಲು ಹಾಕಿದೆ, ನೆಲ ಬದಲಿಸಿದೆ, ಯಂತ್ರಕ್ಕೆ ಎರಡು ಬೈಗುಳ ಹಾಕಿದೆ, ಅದು ಜಗ್ಗಲಿಲ್ಲ. ಮನೆಯಲ್ಲಿ ಒಬ್ಬಳೇ ನೋಡಿಕೊಂಡ ನನ್ನ ತೂಕ ನೆನಪಿತ್ತು, ಇನ್ನೊಮ್ಮೆ ಪರೀಕ್ಷಿಸಲು ನಾನು ಹತ್ತಬಹುದಿತ್ತು. ಸುತ್ತ ಮಕ್ಕಳಿದ್ದರು, ಹತ್ತಲಿಲ್ಲ. ಯಂತ್ರ ಒಂದು ಕೆಜಿ ಕಡಿಮೆ ತೋರಿಸುತ್ತಿದೆ, ಎಲ್ಲರಿಗೂ ಒಂದು ಕೂಡಿಸಿದರಾಯಿತು ಎಂದು ತೀರ್ಮಾನಿಸಿದೆ. ನಂಬುವುದಾದರೆ ಚಳ್ಳಕೆರೆಯ ಎಣ್ಣೆ ಟಿನ್ನನ್ನು ನಂಬಬೇಕೋ, ಎಲ್ಲಿಯದೋ ಯಂತ್ರವನ್ನೋ?

ಕಾಲ್ಚೈನಿನ ಹುಡುಗಿಯ ಸರದಿ ಬಂತು. ಅವಳು ಬಾಗಿಲ ಬಳಿ ನಿಂತು ಬಳೆ ತೆಗೆದಳು, ಕಾಲ್ಚೈನು ಬಿಚ್ಚಿದಳು, ಜಡೆಯ ರಿಬ್ಬನ್ನು ಬಿಚ್ಚಿದಳು, ಕಿವಿಯ ರಿಂಗಿಗೂ ಕೈ ಹಾಕಿದಳು. ಮುಖ ಬಿಳಿಚಿತ್ತು, ತುಟಿ ಒಣಗಿತ್ತು.

"ಏನೇ ಇದು? ಊಟ ಯಾವಾಗ ಮಾಡಿದ್ದು?"

"ನಿನ್ನೆ, ಮಿಸ್."

"ನಿನ್ನೆ ಯಾವಾಗ?"

"ನಿನ್ನೆ ಬೆಳಿಗ್ಗೆ. ಅಮ್ಮಿಗೆ ಹೇಳ್ಬ್ಯಾಡ್ರಿ. ಡಬ್ಬೀನ ಫ್ರೆಂಡ್ಸಿಗೆ ಕೊಟ್ಬಿಟ್ಟೆ."

"ಯಾಕೆ?"

ಅವಳು ನನ್ನನ್ನೇ ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಇಳೀಲಿಲ್ಲ ಅಂದ್ರೆ ಆಟ ತೆಗೀತಾರಲ್ಲ ಮಿಸ್. ಕ್ಲಾಸಲ್ಲಿ ನಾನೇ ಜಾಸ್ತಿ ಇರೋದು. ನನ್ನಿಂದ ಎಲ್ಲಾರ್ದೂ ಹೋಗ್ತೈತೆ."

ಸಿಟ್ಟು ಬಂತು. ಅವಳ ಮೇಲಲ್ಲ, ಹೆಡ್‌ಮಿಸ್ಸಿನ ಮೇಲೆ, ಕಮಿಟಿಯ ಮೇಲೆ, ಆವತ್ತು ನಕ್ಕು ಬಂದ ನನ್ನ ಮೇಲೆ. ಅವಳನ್ನು ಕೂರಿಸಿ ನನ್ನ ಡಬ್ಬಿ ತೆಗೆದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ. ತಿನ್ನು ಎಂದೆ. ತೂಕ ಆದ್ಮೇಲೆ ತಿಂತೀನಿ ಎಂದು ಹಟ ಹಿಡಿದಳು. ಕೊನೆಗೆ ನಾನೇ ಸೋತೆ, ಹತ್ತು ಎಂದೆ. ಹತ್ತಿದಳು. ಅಂಕಿ ನೋಡಿ ಅವಳ ಮುಖ ಅರಳಿತು; ಜೂನಿನದ್ದಕ್ಕಿಂತ ಸ್ವಲ್ಪ ಕಡಿಮೆ ಇತ್ತು. ನಾನು ಪುಸ್ತಕದಲ್ಲಿ ಒಂದು ಕೂಡಿಸಿ ಬರೆದೆ.

ಅವಳು ಬಗ್ಗಿ ನೋಡುತ್ತಿದ್ದಳು. "ಮಿಸ್, ಅಷ್ಟಿಲ್ವಲ್ಲ. ಒಂದು ಜಾಸ್ತಿ ಬರ್ದೀರಿ."

"ಯಂತ್ರ ಒಂದು ಕೆಜಿ ಕಡಿಮೆ ತೋರಿಸ್ತೈತೆ ಕಣೇ. ಎಲ್ಲರಿಗೂ ಕೂಡಿಸ್ತಿದೀನಿ."

ಅವಳು ಬಳೆ, ಕಾಲ್ಚೈನು ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದಳು. ರೊಟ್ಟಿ ಹಾಗೇ ಉಳಿಯಿತು. ಆ ದಿನ ನಾನೂ ತಿನ್ನಲಿಲ್ಲ. ಸಂಜೆ ಹೆಡ್‌ಮಿಸ್ಸು ಲಿಸ್ಟಿನ ಮೇಲೆ ಬೆರಳಾಡಿಸಿ, "ಇಳಿಯೋದಿರ್ಲಿ, ಏರೈತಲ್ರೀ! ಸೋಮವಾರ ಕಮಿಟಿ ಮೀಟಿಂಗು. ಗಣಿತ ಮೇಷ್ಟ್ರಿಗೆ ಹೇಳ್ಬಿಡ್ತೀನಿ" ಎಂದರು. ಹುಡುಗಿ ಉಪವಾಸ ಬಿದ್ದ ಸಂಗತಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಮ್ಮಿಗೆ ಹೇಳಬೇಡಿ ಎಂದಿದ್ದಳಲ್ಲ, ಇವರಿಗೆ ಹೇಳಿದರೆ ನಾಳೆ ಮೈಕಿನಲ್ಲೇ ಬಂದೀತು ಎಂದು ಹೆದರಿ ಸುಮ್ಮನಾದೆ.

ಮನೆಗೆ ಬಂದು ಟಿನ್ನನ್ನು ಧೊಪ್ಪನೆ ಕುಕ್ಕಿದೆ. ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ದಿನದ ಕಥೆಯೆಲ್ಲ ಹೇಳಿದೆ: ಹುಡುಗಿ, ರೊಟ್ಟಿ, ಆಟ, ಹಾಳು ಯಂತ್ರ. "ಹದಿನಾರು ತೋರಿಸ್ಬೇಕಾದ್ದು ಹದಿನೈದು ತೋರಿಸ್ತೈತೆ ಕಣವ್ವಾ, ಒಂದು ಕೆಜಿ ಎಲ್ಲಿ ಹೋಯ್ತೋ!"

ಅವ್ವ ಮೊದಲು ಟಿನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಯಂತ್ರಕ್ಕೇನೂ ಆಗಿಲ್ಲ ಬಿಡೇ" ಅಂದಳು.

"ಅಂದ್ರೆ?"

"ಜೂನಿಂದ ಅಲ್ಲೇ ಕುಂತೈತೆ ಎಣ್ಣೆ. ಕಮಟು ಹಿಡಿಯಲ್ವೇನೇ? ದೀಪಾವಳಿಗೆ ಒಂದೀಟು ಬಗ್ಗಿಸ್ಕಂಡೆ. ಆಮೇಲೆ ಚಳಿಗಾಲಕ್ಕೆ ಒಂದೀಟು."

ಟಿನ್ನು ತಿರುಗಿಸಿ ನೋಡಿದೆ. ಮೇಲಿನ ಎರಡು ಮೂಲೆಯಲ್ಲಿ ಎರಡು ಮೊಳೆ ತೂತು, ಒಂದು ಎಣ್ಣೆ ಬರಲಿಕ್ಕೆ, ಒಂದು ಗಾಳಿ ಹೋಗಲಿಕ್ಕೆ. ನಮ್ಮೂರಲ್ಲಿ ಟಿನ್ನಿನಿಂದ ಎಣ್ಣೆ ತೆಗೆಯುವುದು ಹಾಗೆಯೇ. ಇರುವೆ ಹತ್ತದಿರಲಿ ಎಂದು ಮೇಣದಬತ್ತಿ ಕರಗಿಸಿ ನೀಟಾಗಿ ಮುಚ್ಚಿದ್ದಳು. ಸೀಲು ಮಾತ್ರ ಸೀಲಾಗಿಯೇ ಇತ್ತು, ನಾನು ಅದನ್ನೇ ನೋಡಿ ಮೋಸ ಹೋಗಿದ್ದೆ. ಶೇಂಗಾ ವ್ಯಾಪಾರಿಯ ಹೆಂಡತಿಗೆ ಮನೆಯೊಳಗಿನ ಎಣ್ಣೆ ಕಮಟಾಗುವುದನ್ನು ನೋಡುತ್ತ ಕೂರು ಎಂದರೆ ಹೇಗೆ ಕೂತಾಳು? ಇದು ನನಗೆ ಮೊದಲೇ ಹೊಳೆಯಬೇಕಿತ್ತು.

"ಮುಟ್ಟಬ್ಯಾಡ ಅಂದಿರ್ಲಿಲ್ವೇನವ್ವಾ?"

"ನಾನೇನು ಕುಡಿದ್ನಾ? ಚಳೀಲಿ ದಿನಾ ಮೆಣಸಿನಕಾಯಿ ಬಜ್ಜಿ ಮಾಡಿಕೊಡವ್ವಾ ಅಂದಿದ್ದು ಯಾರು? ಮಂಡಕ್ಕಿ ಜತೆ ತಟ್ಟೆ ತಟ್ಟೆ ತಿಂದಿದ್ದು ಯಾರು?"

ನಾನೇ. ಕಾಣೆಯಾದ ಒಂದು ಕೆಜಿ ಎಣ್ಣೆ ಬೇರೆಲ್ಲೂ ಹೋಗಿರಲಿಲ್ಲ. ಮಕ್ಕಳು ಬಜ್ಜಿ ತಿನ್ನದಂತೆ ತಡೆದರೋ ಇಲ್ಲವೋ ಎಂದು ಬರೆಯುವವಳು ಆ ಬಜ್ಜಿಯನ್ನೆಲ್ಲ ತಾನು ತಿಂದು, ಕರಗಿದ ಎಣ್ಣೆಯನ್ನು ಮಕ್ಕಳ ಲೆಕ್ಕಕ್ಕೆ ಬರೆದು ಬಂದಿದ್ದಳು. ಅವ್ವ ಮೊದಲು ನಕ್ಕಳು, ಆಮೇಲೆ ನಾನೂ ನಕ್ಕೆ. ನಗುತ್ತಿದ್ದ ಹಾಗೇ ಆ ಹುಡುಗಿ ಬಳೆ ಹಿಡಿದುಕೊಂಡು ಹೊರಗೆ ಹೋದದ್ದು ನೆನಪಾಗಿ ಅಳು ಬಂತು. ಅವ್ವ ಗಾಬರಿಯಾದಳು. "ಹೋಗಿ ಹೇಳು ಮತ್ತೆ. ಎಣ್ಣೆ ತೆಗೆದಿದ್ದು ನಮ್ಮವ್ವ ಅಂತ ಹೇಳು. ನನಗೇನು ನಾಚ್ಕೆ" ಅಂದಳು.

ಮಾರನೇ ದಿನ ಬೆಳಿಗ್ಗೆ ಬೀದಿ ಕೊನೆಯ ಶೇಂಗಾ ಅಂಗಡಿಯಿಂದ ಇಪ್ಪತ್ತು ಕೆಜಿಯ ಕಬ್ಬಿಣದ ತೂಕದ ಕಲ್ಲನ್ನು ಕೇಳಿ ತಂದು ಯಂತ್ರದ ಮೇಲಿಟ್ಟೆ. ಸರಿಯಾಗಿ ಇಪ್ಪತ್ತು. ಯಂತ್ರ ಪ್ರಾಮಾಣಿಕವಾಗಿತ್ತು. ಮೇಲಿನವರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಮತ್ತೆ ಅಳೆಯಿರಿ ಎಂದರು.

ಹೆಡ್‌ಮಿಸ್ಸಿನ ಮುಂದೆ ಕೂತು ಎಣ್ಣೆಯ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಹುಡುಗಿಯ ಕಥೆಯನ್ನೂ ಹೇಳಿದೆ, ಹೆಸರು ಹೇಳಲಿಲ್ಲ. "ಒಂದು ಮಗು ಮೊನ್ನೆ ಬೆಳಿಗ್ಗೆಯಿಂದ ನಿನ್ನೆ ತೂಕ ಆಗೋ ತನಕ ಉಪವಾಸ ಇತ್ತು ಮೇಡಂ. ಆಟ ಉಳಿಸೋಕೆ." ಅವರ ನಗು ನಿಂತಿತು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಯಾರು ಅಂತ ಕೇಳಲ್ಲ" ಎಂದರು. "ನಾನೇ ಅಲ್ವೇನ್ರೀ ಮೈಕಲ್ಲಿ ಹೇಳಿದ್ದು." ಲಿಸ್ಟನ್ನು ನನ್ನ ಕಡೆ ತಳ್ಳಿ, "ಲಿಸ್ಟು ನಿಮ್ ಆಫೀಸಿಗೆ ಕಳಿಸ್ಕೊಳ್ರಿ. ನನಗೆ ಬ್ಯಾಡ. ಆಟ ಇರ್ತೈತೆ. ಕಮಿಟಿಯೋರ ಹತ್ರ ನಾನು ಜಗಳ ಆಡ್ಕಂತೀನಿ" ಎಂದು ಅಸೆಂಬ್ಲಿಗೆ ಎದ್ದು ಹೋದರು. ಅದೇ ಮೈಕಿನಲ್ಲಿ, ಯಾರ ತೂಕ ಎಷ್ಟಾದರೂ ಮುಂದಿನ ವರ್ಷವೂ ಆಟ ಇರುತ್ತದೆ ಎಂದರು. ಮಕ್ಕಳ ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು.

ಕಾಲ್ಚೈನಿನ ಹುಡುಗಿ ಮಾತ್ರ ಕೂಗಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಸರದಿ ಬಂದಾಗ ಒಳಗೆ ಬಂದು ಯಂತ್ರದಿಂದ ದೂರವೇ ನಿಂತಳು. ಕೋಣೆಯಲ್ಲಿ ನಾವಿಬ್ಬರೇ.

"ಹತ್ತಲ್ಲ ಮಿಸ್. ನಿನ್ನೆ ಆಯ್ತಲ್ಲ."

"ನಿನ್ನೆ ನಂದು ತಪ್ಪು. ಯಂತ್ರ ಸರಿ ಇತ್ತು. ನಿಂಗೆ ಸುಮ್ಸುಮ್ನೆ ಒಂದು ಕೆಜಿ ಕೂಡಿಸಿದೆ." ಎಣ್ಣೆ ಟಿನ್ನು, ಅವ್ವ, ಮೊಳೆ ತೂತು, ಬಜ್ಜಿ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ.

"ಕಡಿಮೆ ಬಂದ್ರೆ ಆಟ ಇರ್ತೈತೆ, ಜಾಸ್ತಿ ಬಂದ್ರೆ ಇರಲ್ಲ. ಎಷ್ಟು ಬಂದ್ರೂ ಆಟ ಇರ್ತೈತೆ ಅಂತ ಸುಮ್ನೆ ಹತ್ತಿಸೋಕೆ ಹೇಳ್ತೀರಾ ಎಲ್ಲಾರೂ."

ಹಿಂದಿನ ಬೆಂಚಿನ ನಗು ಕೇಳಿದ ಮೇಲೆ ಯಂತ್ರದ ಹತ್ತಿರ ನಿಂತು ಹೇಳಿದ ಯಾವ ಮಾತೂ ನಂಬಿಕೆಗೆ ಬರುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಪ್ಪಲಿ ಬಿಟ್ಟೆ. ಸೆರಗು ಸಿಕ್ಕಿಸಿಕೊಂಡೆ. ಹೈಸ್ಕೂಲು ಬಿಟ್ಟ ಮೇಲೆ ಮೊದಲ ಸಲ ಇನ್ನೊಬ್ಬರ ಎದುರು ತೂಕದ ಯಂತ್ರ ಹತ್ತಿದೆ.

"ಓದು" ಎಂದೆ. "ನಾನು ನೋಡಲ್ಲ."

ಅವಳು ಹತ್ತಿರ ಬಂದು ಬಗ್ಗಿದಳು. ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದು ಅಂಕಿ ಹೇಳಿದಳು. ಪಿಸುಮಾತಿನಲ್ಲಿ. ನನಗೆ ಹಾಗೆ ಹೇಳಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ.

"ಬಜ್ಜಿ ಬಿಡ್ರಿ ಮಿಸ್" ಎಂದಳು ಆಮೇಲೆ. "ನೀವೂ ಖೋ ಖೋಗೆ ಬರ್ರಿ."

ನಾನು ಇಳಿದೆ, ಅವಳು ಹತ್ತಿದಳು. ಬಳೆ ತೆಗೆಯಲಿಲ್ಲ. ರಿಬ್ಬನ್ನು ಬಿಚ್ಚಲಿಲ್ಲ. ಕಾಲ್ಚೈನು ಯಂತ್ರದ ಮೇಲೆ ಕಿಣಿಕಿಣಿ ಎಂದಿತು. ನೆಟ್ಟಗೆ ನಿಂತು, ಎದುರಿನ ಗೋಡೆ ನೋಡುತ್ತ, "ಬೆಳಿಗ್ಗೆ ಅಮ್ಮಿ ಎರಡು ಪರೋಟ ತಿನ್ಸವ್ಳೆ ಮಿಸ್. ತುಪ್ಪ ಹಾಕಿ" ಎಂದು ಮೊದಲೇ ತಿಳಿಸಿದಳು.

ಬರೆದುಕೊಂಡೆ. ಪರೋಟ, ತುಪ್ಪ, ಬಳೆ, ಕಾಲ್ಚೈನು ಎಲ್ಲ ಸೇರಿ ಎಷ್ಟಿತ್ತೋ ಅಷ್ಟೇ.